ಸಹಾಯ ಬೇಕು: ಗೇರ್‌ಬಾಕ್ಸ್ ಎಣ್ಣೆಯ ತಾಪಮಾನ ಮೈನಸ್ 40 ತೋರಿಸುತ್ತಿದೆ

ಬಲ್ಲವರು ದಯವಿಟ್ಟು ದಾರಿ ತೋರಿಸಿ. ನನ್ನದು ಎಂಟು ವರ್ಷ ಹಳೆಯ ಆಟೊಮ್ಯಾಟಿಕ್ ಕಾರು, ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್. ಕಳೆದ ವಾರ ಶಿರಾಡಿ ಘಾಟಿ ಹತ್ತುವಾಗ ಎಂಜಿನ್ ದೀಪ ಹೊತ್ತಿಕೊಂಡಿತು. ಅಂದಿನಿಂದ ಗೇರ್ ಬದಲಾದಾಗಲೆಲ್ಲ ಹಿಂದಿನಿಂದ ಯಾರೋ ಒದ್ದಂತೆ ಕಾರು ಜಗ್ಗುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0713 ಕೋಡ್, ಅಂದರೆ ಗೇರ್‌ಬಾಕ್ಸ್ ಎಣ್ಣೆಯ ತಾಪಮಾನ ಅಳೆಯುವ ಸೆನ್ಸರ್‌ನ ಸರ್ಕ್ಯೂಟ್‌ನಲ್ಲಿ ದೋಷ. ಅರ್ಧ ಗಂಟೆ ಓಡಿಸಿದರೂ ಎಣ್ಣೆಯ ತಾಪಮಾನ ಮೈನಸ್ 40 ಡಿಗ್ರಿಯಿಂದ ಕದಲುವುದಿಲ್ಲ. ಸಕಲೇಶಪುರದ ಚಳಿ ಎಷ್ಟೇ ಕೊರೆದರೂ ಅಷ್ಟು ಇರಲಾರದು!

ಈ ಸೆನ್ಸರ್ ಬಿಸಿಯಾದಂತೆ ಪ್ರತಿರೋಧ ಇಳಿಯುವ ಥರ್ಮಿಸ್ಟರ್. ತಂತಿ ಕಡಿದರೆ ಪ್ರತಿರೋಧ ವಿಪರೀತ ಏರಿದಂತಾಗಿ, ಕಾರಿನ ಕಂಪ್ಯೂಟರ್ ಅದನ್ನು ಕಡು ಚಳಿ ಎಂದು ಓದುತ್ತದೆ. ಹಾಗಾಗಿ ಸರ್ಕ್ಯೂಟ್ ಎಲ್ಲೋ ಕಡಿದಿದೆ ಎಂಬುದು ನನ್ನ ಅಂದಾಜು. ಕನೆಕ್ಟರ್ ಬಿಚ್ಚಿದಾಗ ಪಿನ್‌ಗಳಲ್ಲಿ ಕೆಂಪು ಎಣ್ಣೆ ಜಿನುಗಿತ್ತು, ಒಂದಕ್ಕೆ ಹಸಿರು ಕಿಲುಬು ಹಿಡಿದಿತ್ತು. ತೊಳೆದು ಒಣಗಿಸಿ ಹಾಕಿದರೂ ಫಲವಿಲ್ಲ. ಕಾರಿನ ಕಡೆಯ ಎರಡು ಸೆನ್ಸರ್ ವೈರುಗಳನ್ನು ತುಂಡು ತಂತಿಯಿಂದ ಜೋಡಿಸಿದಾಗ ಮಾತ್ರ ತಾಪಮಾನ ತಟ್ಟನೆ ಮೇಲಕ್ಕೆ ಹಾರಿತು. ಅಂದರೆ ಹೊರಗಿನ ವೈರಿಂಗ್, ಕಂಪ್ಯೂಟರ್ ಎರಡೂ ಸರಿಯಿವೆ ಅಲ್ಲವೇ? ಗೇರ್‌ಬಾಕ್ಸ್ ಕಡೆಯ ಪಿನ್‌ಗಳಿಗೆ ಮಲ್ಟಿಮೀಟರ್ ಹಿಡಿದರೆ ಓಮ್ ಲೆಕ್ಕವೇ ಸಿಗುವುದಿಲ್ಲ, ಪೂರ್ತಿ ಓಪನ್.

ಗ್ಯಾರೇಜಿನವರು ಮೀಟರ್ ಮುಟ್ಟದೆಯೇ ವಾಲ್ವ್ ಬಾಡಿ (ಗೇರ್ ಬದಲಿಸಲು ಎಣ್ಣೆಯ ಒತ್ತಡವನ್ನು ನಿಯಂತ್ರಿಸುವ ಭಾಗ) ಬದಲಿಸಬೇಕು ಎಂದರು. ಅಷ್ಟು ದುಡ್ಡು ಸುರಿಯಲು ಮನಸ್ಸು ಒಪ್ಪುತ್ತಿಲ್ಲ. ಎಣ್ಣೆಯ ಪ್ಯಾನ್ ಇಳಿಸಿ, ಸೆನ್ಸರ್ ಸೇರಿರುವ ಒಳಗಿನ ವೈರಿಂಗನ್ನಷ್ಟೇ ಬದಲಿಸಿದವರು ಇದ್ದೀರಾ? ಎಣ್ಣೆ ಕನೆಕ್ಟರ್‌ವರೆಗೆ ಹತ್ತಿ ಬಂದದ್ದು ಸೀಲ್ ಹೋದದ್ದರಿಂದಲೇ? ಹಾಸನದ ಆಸುಪಾಸಿನಲ್ಲಿ ಈ ಕೆಲಸ ಬಲ್ಲ ಮೆಕ್ಯಾನಿಕ್ ಇದ್ದರೆ ತಿಳಿಸಿ. ಅಲ್ಲಿಯವರೆಗೆ ಘಾಟಿಗೆ ಇಳಿಸದೆ ಊರೊಳಗೆ ಓಡಿಸಬಹುದೇ?