ಕೆನಡಿ ನಿಜಕ್ಕೂ ಬಗ್ಗಲಿಲ್ಲವೇ?

ಚಿಕ್ಕಪ್ಪ: 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಕುರಿತ ಈ ಫಾರ್ವರ್ಡ್ ಅನ್ನು ಎಲ್ಲರೂ ಓದಿರಿ. ಅಮೆರಿಕದ ಅಧ್ಯಕ್ಷ ಕೆನಡಿ ಒಂದಿಂಚೂ ಬಗ್ಗಲಿಲ್ಲ, ಸೋವಿಯತ್ ನಾಯಕ ಕ್ರುಶ್ಚೇವ್ ಕ್ಯೂಬಾದಲ್ಲಿಟ್ಟಿದ್ದ ಅಣ್ವಸ್ತ್ರ ಕ್ಷಿಪಣಿಗಳನ್ನು ಕಟ್ಟಿಕೊಂಡು ಹೊರಟರು. ನಾಯಕನೆಂದರೆ ಹೀಗಿರಬೇಕು.

ನಾನು: ಚಿಕ್ಕಪ್ಪ, ಇದರಲ್ಲಿ ಅಕ್ಟೋಬರ್ 27ರ ರಾತ್ರಿಯ ಸುದ್ದಿಯೇ ಇಲ್ಲ. ಅಂದು ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಸೋವಿಯತ್ ರಾಯಭಾರಿ ಡೊಬ್ರಿನಿನ್ ಅವರನ್ನು ತಮ್ಮ ಕಚೇರಿಗೆ ಕರೆಸಿಕೊಂಡು, ಟರ್ಕಿಯಲ್ಲಿದ್ದ ಅಮೆರಿಕದ ಜುಪಿಟರ್ ಕ್ಷಿಪಣಿಗಳನ್ನು ನಾಲ್ಕೈದು ತಿಂಗಳಲ್ಲಿ ತೆಗೆಸುವುದಾಗಿ ಮಾತು ಕೊಟ್ಟರು. ಆದರೆ ಈ ವಿಷಯ ಎಲ್ಲಿಯೂ ಹೊರಬೀಳಬಾರದೆಂದರು. ಆ ಮಾತನ್ನು ಕಾಗದಕ್ಕಿಳಿಸಿದ ಕ್ರುಶ್ಚೇವರ ಪತ್ರವನ್ನು ಇಟ್ಟುಕೊಳ್ಳದೆ ಹಿಂದಿರುಗಿಸಿದರು. 1963ರ ಏಪ್ರಿಲ್ ಮುಗಿಯುವಷ್ಟರಲ್ಲಿ ಜುಪಿಟರ್‌ಗಳು ಟರ್ಕಿಯಲ್ಲಿರಲಿಲ್ಲ.

ಚಿಕ್ಕಪ್ಪ: ಇದ್ದರೇನಂತೆ? ಟರ್ಕಿ ಅಮೆರಿಕದ ಮಿತ್ರಕೂಟವಾದ ನ್ಯಾಟೋದ ಸದಸ್ಯ ರಾಷ್ಟ್ರ. ಬಹಿರಂಗವಾಗಿ ಒಪ್ಪಿದ್ದರೆ, ಅಮೆರಿಕ ಆಪತ್ತಿನಲ್ಲಿ ಮಿತ್ರರನ್ನು ಮಾರಿಕೊಳ್ಳುತ್ತದೆ ಎಂಬ ಕೂಗೇಳುತ್ತಿತ್ತು. ನಮ್ಮಲ್ಲಿ ಮದುವೆಯ ಮಾತುಕತೆಯೂ ಚಪ್ಪರದ ಕೆಳಗೆ ಶುರುವಾಗುವುದಿಲ್ಲ.

ಚಿಕ್ಕಮ್ಮ: ಆಗಿನ ಗುಟ್ಟಿನ ಅವಸ್ಥೆಯನ್ನೂ ಕೇಳಿ. ರಾಯಭಾರ ಕಚೇರಿಯ ಸಂಕೇತಲಿಪಿಯ ತಂತಿಯನ್ನು ಒಯ್ಯಲು ವೆಸ್ಟರ್ನ್ ಯೂನಿಯನ್ ಎಂಬ ತಂತಿ ಕಂಪನಿಯ ಹುಡುಗ ಸೈಕಲ್ಲಿನಲ್ಲಿ ಬರುತ್ತಿದ್ದನೆಂದು ಡೊಬ್ರಿನಿನ್ ಮುಂದೆ ನೆನಪಿಸಿಕೊಂಡಿದ್ದಾರೆ. ಎರಡು ರಾಜಧಾನಿಗಳ ನಡುವೆ ನೇರ ಸಂಪರ್ಕದ ಒಪ್ಪಂದವಾದದ್ದು 1963ರಲ್ಲಿ.

ನಾನು: ಗುಟ್ಟಾಗಿ ಮಾತನಾಡಿದ್ದಕ್ಕೆ ನನ್ನ ತಕರಾರಿಲ್ಲ ಚಿಕ್ಕಪ್ಪ, ಅದರಿಂದಲೇ ಯುದ್ಧ ತಪ್ಪಿತು ಎನ್ನಿ. ತಕರಾರಿರುವುದು ಆಮೇಲೆ ಹಬ್ಬಲು ಬಿಟ್ಟ ಸುಳ್ಳಿನ ಬಗ್ಗೆ. ಟರ್ಕಿಯ ಕ್ಷಿಪಣಿಗಳನ್ನು ಬಿಟ್ಟುಕೊಡುವ ಮಾತನ್ನು ಮೊದಲೇ ಎತ್ತಿದ್ದ, ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಅಡ್ಲೈ ಸ್ಟೀವನ್ಸನ್ ಅವರನ್ನು 1962ರ ಡಿಸೆಂಬರಿನಲ್ಲಿ ಪತ್ರಿಕೆಯೊಂದು ಪುಕ್ಕಲರೆಂಬಂತೆ ಚಿತ್ರಿಸಿದಾಗ, ಅದೇ ಕೊಡುಕೊಳ್ಳುವಿಕೆಯನ್ನು ಮಾಡಿ ಮುಗಿಸಿದ್ದವರು ನಿಜವನ್ನು ಹೇಳಲಿಲ್ಲ. ಉಪಾಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೂ ತಿಳಿಸಿರಲಿಲ್ಲ. ಬಗ್ಗದಿದ್ದರೇ ಗೆಲುವು ಎಂಬ ಈ ಕಥೆಯನ್ನಷ್ಟೇ ಕೇಳಿದ್ದ ಅವರೇ ಮುಂದೆ ವಿಯೆಟ್ನಾಂ ಯುದ್ಧವನ್ನು ಬೆಳೆಸಿದರು. ರಾಬರ್ಟ್ ಅವರ ನೆನಪಿನ ಪುಸ್ತಕದಲ್ಲಿ ಈ ಒಪ್ಪಂದದ ಸ್ಪಷ್ಟ ಉಲ್ಲೇಖ ಉಳಿಯದಂತೆ ತಿದ್ದಿದ್ದು ತಾವೇ ಎಂದು ಕೆನಡಿಯವರ ಸಲಹೆಗಾರ ಸೊರೆನ್ಸನ್ ಒಪ್ಪಿಕೊಂಡದ್ದು 1989ರಲ್ಲಿ.

ಚಿಕ್ಕಪ್ಪ: ಸ್ಟೀವನ್ಸನ್‌ಗೆ ಅನ್ಯಾಯವಾಯಿತು, ಒಪ್ಪುತ್ತೇನೆ. ಆದರೆ ಕ್ರುಶ್ಚೇವ್ ಕೂಡ ಬಾಯಿ ಬಿಡಲಿಲ್ಲವಲ್ಲ? ಗುಟ್ಟು ಇಬ್ಬರಿಗೂ ಬೇಕಿತ್ತು.

ನಾನು: ಬೇಕಿದ್ದದ್ದು ಒಬ್ಬರಿಗೆ, ಬೆಲೆ ತೆತ್ತದ್ದು ಇನ್ನೊಬ್ಬರು. ಕೊಟ್ಟ ಮಾತಿನಂತೆ ಸುಮ್ಮನಿದ್ದ ಕ್ರುಶ್ಚೇವ್ ಲೋಕದ ಕಣ್ಣಿಗೆ ಸೋತವರಾದರು. 1964ರ ಅಕ್ಟೋಬರಿನಲ್ಲಿ ಅವರನ್ನು ಕೆಳಗಿಳಿಸಿದ ಸಹೋದ್ಯೋಗಿಗಳು ಹೊರಿಸಿದ ತಪ್ಪುಗಳಲ್ಲಿ ಕ್ಯೂಬಾದ ಸಾಹಸವೂ ಒಂದಾಗಿತ್ತು.