ಸಹಾಯ ಬೇಕು: ಕನ್ನಡದಲ್ಲಿ ಮಸೂದೆ ಬರೆಯುವುದನ್ನು ಕಲಿಯಬೇಕು

ಎಲ್ಲರಿಗೂ ನಮಸ್ಕಾರ. ನಾನು ಕಾನೂನು ವಿದ್ಯಾರ್ಥಿ. ತರಗತಿಯಲ್ಲಿ ಕಾಯ್ದೆ ಓದುವುದನ್ನು ಕಲಿಸುತ್ತಾರೆ, ಬರೆಯುವುದನ್ನಲ್ಲ. ಇಂಗ್ಲಿಷಿನ ‘ಶಲ್’ ನಮ್ಮ ಕಾಯ್ದೆಗಳಲ್ಲಿ ‘ತಕ್ಕದ್ದು’ ಆಗುತ್ತದೆ, ‘ಮೇ’ ಇದ್ದಲ್ಲಿ ‘ಬಹುದು’. ಇದೊಂದು ತಪ್ಪಿದರೆ ಅಧಿಕಾರಿ ಮಾಡಲೇಬೇಕಾದ ಕೆಲಸ ಅವರ ಇಷ್ಟಕ್ಕೆ ಬಿಟ್ಟದ್ದಾಗಿಬಿಡುತ್ತದೆ, ಸಣ್ಣ ಮಾತಲ್ಲ ಅಲ್ವಾ?

ದೆಹಲಿಯಲ್ಲಿ ಕೇಂದ್ರ ಕಾನೂನು ಸಚಿವಾಲಯದ ಶಾಸನ ರಚನೆ ಮತ್ತು ಸಂಶೋಧನಾ ಸಂಸ್ಥೆ ರಾಜ್ಯಗಳ ಅಧಿಕಾರಿಗಳಿಗೆ ತರಬೇತಿ ಕೊಡುತ್ತದೆ, ಲೋಕಸಭೆಯ ತರಬೇತಿ ಸಂಸ್ಥೆ ‘ಪ್ರೈಡ್’ ಬೇರೆ ದೇಶಗಳವರಿಗೂ ಕಲಿಸುತ್ತದೆ. ಅಲ್ಲಿಗೆ ಹೋಗಿಬಂದವರು ಯಾರಾದರೂ ಇದ್ದೀರಾ? ಅಭ್ಯಾಸಕ್ಕೆ ಏನೇನು ಬರೆಸುತ್ತಾರೆ, ದಯವಿಟ್ಟು ಹೇಳಿ. ಕನ್ನಡ, ಇಂಗ್ಲಿಷ್ ಎರಡನ್ನೂ ಪಕ್ಕಪಕ್ಕ ಇಟ್ಟು ಓದಲು ಯಾವ ಕಾಯ್ದೆಯಿಂದ ಶುರು ಮಾಡಲಿ?

‘ಪರಂತು’ (ಆದರೆ) ಅಂತ ಶುರುವಾಗಿ ನಿಯಮಕ್ಕೆ ವಿನಾಯಿತಿ ಅಥವಾ ಷರತ್ತು ಹೇಳುವ ಭಾಗದಲ್ಲೇ ನಾನು ಜಾಸ್ತಿ ತಡವರಿಸುತ್ತೇನೆ. ಒಂದು ಪುಟದ ಕರಡು ಇದೆ, ಅನುಭವ ಇರುವವರು ತಿದ್ದಿಕೊಡುತ್ತೀರಾ?