ವಿಷಯ: ‘ಕೊಹಾರ್ಟ್’ಗೆ ಕನ್ನಡದಲ್ಲಿ ಏನನ್ನೋಣ? (ಸಂಜೆಯೊಳಗೆ ಬೇಕು)

ಅನುವಾದಕಿ:
ಗೆಳೆಯರೇ, ಪರಿಸರ ಮತ್ತು ಆರೋಗ್ಯದ ಸಂಶೋಧನೆಗೆ ಜನರನ್ನು ಸೇರಿಸಿಕೊಳ್ಳುವ ಕರಪತ್ರ ನನ್ನ ಕೈಯಲ್ಲಿದೆ. ಸಂಜೆಗೆ ಅಚ್ಚಿಗೆ ಹೋಗಬೇಕು. ‘ಕೊಹಾರ್ಟ್ ಸ್ಟಡಿ’ಗೆ ಏನು ಹಾಕಲಿ? ಕಾಯಿಲೆ ಬರುವ ಮೊದಲೇ ಜನರನ್ನು ನೋಂದಾಯಿಸಿಕೊಂಡು, ಅವರು ಉಸಿರಾಡುವ ಗಾಳಿ, ಕುಡಿಯುವ ನೀರನ್ನು ಅಳೆದು, ಯಾರಿಗೆ ಏನಾಯಿತು ಎಂದು ವರ್ಷಗಟ್ಟಲೆ ನೋಡುತ್ತಾ ಹೋಗುವ ಅಧ್ಯಯನ. ‘ಸಮೂಹ ಅಧ್ಯಯನ’ ಅಂತ ಬರೆದು ಅಳಿಸಿದೆ. ಸಮೂಹ ಮಾಧ್ಯಮ, ಸಮೂಹ ಸಾರಿಗೆ, ಕೊನೆಗೆ ಸಮೂಹ ಸನ್ನಿ ನೆನಪಾಯಿತು. ಯಾರು ಬೇಕಾದರೂ ತೊಡಕಿಲ್ಲದೆ ಬಂದು ಸೇರಬಹುದು ಅನ್ನುವ ‘ಆ್ಯಕ್ಸೆಸಿಬಲ್’ಗೂ ಒಂದು ಪದ ಬೇಕು.

ಅಚ್ಚಗನ್ನಡಿಗ:
ಓರಗೆ. ಮನೆಯಲ್ಲೇ ಪದವಿರುವಾಗ ಊರೆಲ್ಲ ಹುಡುಕುವುದೇಕೆ? ಅರಕೆ ಅಂದರೆ ಸಂಶೋಧನೆ. ‘ಓರಗೆಯರಕೆ’ ಅನ್ನಿ, ಮುಗಿಯಿತು.

ಬೇರುಹುಡುಕ:
ಮುಗಿಯಲಿಲ್ಲ. ಓರಗೆಗೆ ವಯಸ್ಸು ಅಂಟಿಕೊಂಡಿದೆ. ಗಾಳಿಯಲ್ಲಿನ ಸೂಕ್ಷ್ಮ ಕಣಗಳಿಗೂ ಸಾವಿಗೂ ನಂಟು ತೋರಿಸಿದ, 1993ರಲ್ಲಿ ಪ್ರಕಟವಾದ ಅಮೆರಿಕದ ಆರು ನಗರಗಳ ಅಧ್ಯಯನಕ್ಕೆ ಸೇರುವಾಗ ಜನರ ವಯಸ್ಸು 25ರಿಂದ 74. ತಾತ ಮೊಮ್ಮಗ ಓರಗೆಯವರೇ? ‘ಅರಕೆ’ ಓದಿದವರು ಹರಕೆ ಹೊರಬೇಕೇನೋ ಅಂದುಕೊಂಡಾರು.

ಮೂಲ ನೋಡಿ. ಲ್ಯಾಟಿನ್ನಿನ ‘ಕೊಹಾರ್ಸ್’ ಅಂದರೆ ಆವರಣ, ಅಂಗಳ. ಆಮೇಲೆ ರೋಮನ್ ಸೇನೆಯ ದೊಡ್ಡ ದಳವಾದ ಲೀಜನ್ನಿನ ಹತ್ತರಲ್ಲೊಂದು ಪಾಲು. ನಾವು ಮೆಟ್ಟಿಲು ಹತ್ತುವ ಕೋರ್ಟೂ ಅದೇ ಬೇರಿನದು. ಹಾಗಾಗಿ ‘ಪಡೆ ಅಧ್ಯಯನ’ವೇ ಸರಿ.

ಕ್ಷೇತ್ರದವಳು:
ರಕ್ತ ಕೊಡಿ ಅಂತ ಕೇಳುವ ಕರಪತ್ರದ ಮೇಲೆ ಪಡೆ! ಬಂದವರೂ ಓಡಿಹೋಗುತ್ತಾರೆ.

ಮೇಡಂ, ಇಂಥ ಅಧ್ಯಯನಗಳ ಹಳೇ ಕಾಯಿಲೆ ಏನೆಂದರೆ ಬಿಡುವು, ಬಂಡಿ, ಅಕ್ಷರ ಇರುವವರಷ್ಟೇ ಸೇರುತ್ತಾರೆ. ಕೊನೆವರೆಗೆ ಉಳಿಯುವವರೂ ಅವರೇ. ಹಗಲೆಲ್ಲ ಹೊಗೆ ನುಂಗಿ ದುಡಿಯುವವರು ಲೆಕ್ಕಕ್ಕೇ ಸಿಗುವುದಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಹೃದಯ ಅಧ್ಯಯನ 1948ರಲ್ಲಿ ಶುರುವಾದಾಗ ಹೆಚ್ಚುಕಡಿಮೆ ಬಿಳಿಯರೇ ಇದ್ದರು. ಬೇರೆ ಜನಾಂಗದವರಿಗೆಂದು ‘ಓಮ್ನಿ’ ಗುಂಪು ಕಟ್ಟಿದ್ದು 1994ರಲ್ಲಿ. ಆದ್ದರಿಂದ ‘ಸುಗಮ್ಯ’ ಅಂತ ಒಂದು ಪದ ಒಗೆದು ಕೈತೊಳೆದುಕೊಳ್ಳಬೇಡಿ, ಅದು ಬೇರೆ ಹಿಂದಿಯ ಬೆನ್ನೇರಿ ಬಂದದ್ದು. ಗಾಲಿಕುರ್ಚಿಗೆ ದಾರಿಯಿದೆ, ಕೆಲಸ ಮುಗಿಸಿ ಸಂಜೆ ಬಂದರೂ ನಡೆಯುತ್ತದೆ, ಒಪ್ಪಿಗೆ ಪತ್ರವನ್ನು ಓದಿ ಹೇಳುತ್ತೇವೆ ಅಂತ ಬಿಡಿಸಿ ಬರೆಯಿರಿ. ಕೊಹಾರ್ಟ್‌ಗೆ ‘ನಿಗಾ ಗುಂಪು’ ಸಾಕು.

ಅಚ್ಚಗನ್ನಡಿಗ:
‘ನಿಗಾ’ ಪಾರಸಿ. ಹಿಂದಿ ಬೇಡ, ಪಾರಸಿ ಆದೀತು. ಇದ್ಯಾವ ನ್ಯಾಯ?

ಕ್ಷೇತ್ರದವಳು:
ಅರ್ಜಿ, ರಜೆ, ಕಾಗದ ಮೂರನ್ನೂ ಬಿಟ್ಟು ಒಂದು ತಿಂಗಳು ಕೆಲಸ ಮಾಡಿ ತೋರಿಸಿ ಸರ್, ಆಮೇಲೆ ಮಾತಾಡೋಣ.

ಬೇರುಹುಡುಕ:
‘ನ್ಯಾಯ’ ಯಾವ ಮನೆಯದು ಅಂತಲೂ ಹೇಳಿಬಿಡಿ.

ಅನುವಾದಕಿ:
‘ನಿಗಾ’ ಅಂದರೆ ಪೊಲೀಸರು ಕಣ್ಣಿಟ್ಟ ಹಾಗೆ. ಸಹಿ ಹಾಕುವವರು ಹಿಂಜರಿದಾರು. ತಲೆಬರಹ ‘ನೀವು ಉಸಿರಾಡುವ ಗಾಳಿ, ನಿಮ್ಮ ಆರೋಗ್ಯ: ಹಲವು ವರ್ಷಗಳ ಅಧ್ಯಯನ’ ಅಂತ ಮಾಡಿದೆ. ಒಳಗೆ ಒಂದೇ ಕಡೆ ‘ಕೊಹಾರ್ಟ್’ ಇಟ್ಟು, ‘ಒಂದೇ ಅಧ್ಯಯನಕ್ಕೆ ಹೆಸರು ಕೊಟ್ಟು ವರ್ಷಗಟ್ಟಲೆ ಜೊತೆಗೆ ಸಾಗುವವರು’ ಎಂದು ಬಿಡಿಸಿದ್ದೇನೆ. ಓದಿ ಹೇಳುವವರ ನಾಲಿಗೆಗೂ ಹಗುರ. ‘ಸುಗಮ್ಯ’ ತೆಗೆದು ಆ ಮೂರು ಮಾತು ಹಾಕಿದೆ. ಗಾಳಿ, ನೀರಿನಲ್ಲಿರುವುದು ನಮ್ಮ ಮೈಗೆ ತಾಕುವುದಕ್ಕೆ, ಅಂದರೆ ‘ಎಕ್ಸ್‌ಪೋಷರ್’ಗೆ, ‘ಒಡ್ಡಿಕೆ’. ಅಚ್ಚಿಗೆ ಹೋಗಿಯಾಯಿತು.

ಅಚ್ಚಗನ್ನಡಿಗ:
‘ಒಡ್ಡಿಕೆ’ಗೆ ನನ್ನ ತಕರಾರಿಲ್ಲ.